ನಾರ್ಫೋಕ್‌ನ ಹಳ್ಳಿಗೆ ಯಾವ ತಿಂಗಳಲ್ಲಿ ಹೋದರೆ ಯಾವ ಹಕ್ಕಿ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನಿವೃತ್ತ ಶಿಕ್ಷಕ. ಗುಡವಿ, ಮಂಡಗದ್ದೆಗಳ ಹಕ್ಕಿಗಳನ್ನು ನೋಡುತ್ತಾ ಬಂದವನು. ಮಗಳು, ಅಳಿಯ ಇಂಗ್ಲೆಂಡಿನ ನಾರ್ಫೋಕ್ ಕೌಂಟಿಯ ಉತ್ತರ ಭಾಗದಲ್ಲಿ, ಸಮುದ್ರದಿಂದ ಏಳೆಂಟು ಮೈಲಿ ಒಳಗಿನ ಹಳ್ಳಿಯಲ್ಲಿದ್ದಾರೆ. ಮೊಮ್ಮಕ್ಕಳಿಗೆ ರಜೆ ಇರುವ ಜುಲೈ, ಆಗಸ್ಟ್‌ನಲ್ಲಿ ಬನ್ನಿ ಎನ್ನುತ್ತಾರೆ. ಚಳಿಗಾಲದಲ್ಲಿ ಅಲ್ಲಿನ ಹಕ್ಕಿಗಳೆಲ್ಲ ದಕ್ಷಿಣಕ್ಕೆ ಹೋಗಿಬಿಡುತ್ತವೆ, ನೋಡಲು ಏನೂ ಇರುವುದಿಲ್ಲ ಎನ್ನುವುದು ಅಳಿಯನ ಅಭಿಪ್ರಾಯ. ಮೂರು ತಿಂಗಳು ಇರುವುದಾದರೆ ಯಾವ ತಿಂಗಳು ಒಳ್ಳೆಯದು? ಕಳೆದ ಡಿಸೆಂಬರಿನಲ್ಲಿ ಮಗಳು ಫೋನ್ ಮಾಡಿದಾಗ ಇನ್ನೂ ಕತ್ತಲಿರುವಾಗಲೇ ಒಂದು ಹಕ್ಕಿ ಹಾಡುತ್ತಿತ್ತು, ಅದು ಯಾವುದಿರಬಹುದು? ನಮ್ಮೂರಿನ ಹಕ್ಕಿಗಳು ಏನಾದರೂ ಅಲ್ಲಿ ಸಿಗುತ್ತವೆಯೇ? ಹಿತ್ತಿಲಲ್ಲಿ ಅವಕ್ಕೆ ಅನ್ನ ಹಾಕಬಹುದೇ?

ಉತ್ತರ: ನಿಮ್ಮ ಅಳಿಯಂದಿರ ಮಾತು ಅರ್ಧ ಸರಿ. ಅಂಬರಗುಬ್ಬಿ, ಸ್ವಿಫ್ಟ್, ಕುಕೂ ಮುಂತಾದ ಹುಳು ತಿನ್ನುವ ಹಕ್ಕಿಗಳು ಚಳಿ ಬೀಳುವ ಮೊದಲೇ ಆಫ್ರಿಕಾಕ್ಕೆ ಹೋಗುತ್ತವೆ. ಆದರೆ ಐಸ್‌ಲ್ಯಾಂಡ್, ನಾರ್ವೆ, ಸೈಬೀರಿಯಾದ ಹಕ್ಕಿಗಳಿಗೆ ನಾರ್ಫೋಕೇ ದಕ್ಷಿಣ. ಮಂಗೋಲಿಯಾ ಕಡೆಯ ಪಟ್ಟೆತಲೆ ಹೆಬ್ಬಾತುಗಳು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಏಕೆ ಬರುತ್ತವೆಯೋ, ಅದೇ ಕಾರಣಕ್ಕೆ ಉತ್ತರ ಧ್ರುವದ ಅಂಚಿನ ಹೆಬ್ಬಾತುಗಳು ನಿಮ್ಮ ಮಗಳ ಹಳ್ಳಿಯ ಹೊಲಗಳಿಗೆ ಬರುತ್ತವೆ: ಅಲ್ಲಿ ನೆಲ ಹೆಪ್ಪುಗಟ್ಟುವುದು ಅಪರೂಪ, ತಿನ್ನಲು ಸಿಗುತ್ತದೆ. ಹೋಗುವ ಹಕ್ಕಿಗಳಿಗಿಂತ ಬರುವ ಹಕ್ಕಿಗಳ ಸಂಖ್ಯೆಯೇ ಕಣ್ಣಿಗೆ ಹೆಚ್ಚು ತುಂಬುತ್ತದೆ.

ಹಾಗಾಗಿ ಹಕ್ಕಿಗಳೇ ಮುಖ್ಯ ಎನ್ನುವುದಾದರೆ ನನ್ನ ಸಲಹೆ ಅಕ್ಟೋಬರ್ ಕೊನೆಯಿಂದ ಜನವರಿ ಕೊನೆಯವರೆಗೆ. ಚಳಿ ತಡೆಯಲಾಗದು ಎಂದರೆ ಏಪ್ರಿಲ್ ಮಧ್ಯದಿಂದ ಜೂನ್ ಕೊನೆಯವರೆಗೆ. ಜುಲೈ, ಆಗಸ್ಟ್ ಮೊಮ್ಮಕ್ಕಳಿಗೆ ಒಳ್ಳೆಯದು, ಹಕ್ಕಿ ನೋಡುವವರಿಗಲ್ಲ. ಆ ಹೊತ್ತಿಗೆ ಮರಿಗಳು ಗೂಡು ಬಿಟ್ಟಿರುತ್ತವೆ, ದೊಡ್ಡವು ಹಳೆಯ ಗರಿ ಉದುರಿಸಿಕೊಂಡು ಹೊಸ ಗರಿ ಬರುವವರೆಗೆ ಬೇಲಿಗಿಡಗಳ ಒಳಗೆ ಅಡಗಿರುತ್ತವೆ. ಗಡಿ ಕಾಯುವ ಕೆಲಸ ಮುಗಿದಿರುವುದರಿಂದ ಹಾಡುವ ಅಗತ್ಯವೂ ಇಲ್ಲ. ಬೆಳೆದ ಕುಕೂ ಹಕ್ಕಿಗಳು ಜೂನ್ ಮುಗಿಯುವ ಮೊದಲೇ ಹೊರಟುಬಿಡುತ್ತವೆ. ಮರಿ ಇನ್ನೂ ಸಾಕುತಾಯಿಯ ಬಳಿ ಬಾಯಿ ತೆರೆದು ಕೂತಿರುವಾಗ ಹೆತ್ತದ್ದು ಆಫ್ರಿಕಾದ ದಾರಿಯಲ್ಲಿರುತ್ತದೆ. ಬ್ರಿಟಿಷ್ ಟ್ರಸ್ಟ್ ಫಾರ್ ಆರ್ನಿತಾಲಜಿ ಎಂಬ ಹಕ್ಕಿ ಅಧ್ಯಯನ ಸಂಸ್ಥೆ 2011ರಿಂದ ಕುಕೂಗಳ ಬೆನ್ನಿಗೆ ಉಪಗ್ರಹದ ಗುರುತುಯಂತ್ರ ಕಟ್ಟಿ ಬಿಡುತ್ತಿದೆ. ಅವು ಚಳಿಗಾಲ ಕಳೆಯುವುದು ಕಾಂಗೋ ಕೊಳ್ಳದ ಮಳೆಕಾಡಿನಲ್ಲಿ ಎಂದು ಗೊತ್ತಾದದ್ದು ಹಾಗೆ. ಚರ್ಚಿನ ಗೋಪುರದ ಸುತ್ತ ಕಿರುಚುತ್ತಾ ಸುತ್ತುವ ಸ್ವಿಫ್ಟ್‌ಗಳೂ ಆಗಸ್ಟ್ ಮೊದಲ ವಾರಗಳಲ್ಲಿ ಹೋಗುತ್ತವೆ. ಆಮೇಲೆ ಬಿಸಿಲು ಮಧ್ಯಾಹ್ನದಲ್ಲಿ ಹಳ್ಳಿಯಲ್ಲಿ ಕೇಳಿಸುವುದು ಕಾಡುಪಾರಿವಾಳದ ಗುಟುರು ಮತ್ತು ಗೋಧಿ ಕಟಾವಿನ ಯಂತ್ರ, ಅಷ್ಟೇ.

ಇದಕ್ಕೆ ಒಂದು ಅಪವಾದವಿದೆ, ಅದು ಹಳ್ಳಿಯಲ್ಲಲ್ಲ, ಕಡಲಂಚಿನಲ್ಲಿ. ಕೌಂಟಿಯ ಪಶ್ಚಿಮ ತುದಿಯ ವಾಷ್ ಎಂಬ ಕೊಲ್ಲಿಯ ದಡದಲ್ಲಿ ಸ್ನೆಟಿಶಮ್ ಎಂಬ ಜಾಗವಿದೆ. ಗ್ರೀನ್‌ಲ್ಯಾಂಡ್ ಮತ್ತು ಕೆನಡಾದ ಉತ್ತರ ತುದಿಯಲ್ಲಿ ಮರಿ ಮಾಡಿದ ನಾಟ್ ಎಂಬ ಗಿಡ್ಡ ಕಾಲಿನ ಕಡಲಹಕ್ಕಿಗಳು ಜುಲೈ ಕೊನೆಯಿಂದಲೇ ಇಲ್ಲಿಗೆ ಬಂದಿಳಿಯುತ್ತವೆ. ಇಳಿತದ ಹೊತ್ತಿನಲ್ಲಿ ಮೈಲಿಗಟ್ಟಲೆ ಕೆಸರುಬಯಲಿನಲ್ಲಿ ಮೇಯುತ್ತಾ ಚದುರಿರುತ್ತವೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನ ದೊಡ್ಡ ಭರತ ಬಂದು ಕೆಸರೆಲ್ಲ ಮುಳುಗಿದಾಗ ಹತ್ತಾರು ಸಾವಿರ ಹಕ್ಕಿಗಳು ಒಂದೇ ಮೈಯಂತೆ ಎದ್ದು, ಆಕಾಶದಲ್ಲಿ ಒಮ್ಮೆ ಕಪ್ಪಗೆ ಒಮ್ಮೆ ಬೆಳ್ಳಗೆ ತಿರುಗುತ್ತಾ, ದಡದ ಹಿಂದಿನ ಹಳೆಯ ಜಲ್ಲಿಗುಂಡಿಗಳ ಕೆರೆಗೆ ಬಂದು ಒತ್ತಿಕೊಂಡು ನಿಲ್ಲುತ್ತವೆ. ಸಣ್ಣ ಭರತದ ದಿನ ಹೋದರೆ ಇದೇನೂ ಇರುವುದಿಲ್ಲ, ಕೆಸರಿನಾಚೆ ಚುಕ್ಕಿಗಳು ಕಾಣುತ್ತವೆ. ಉಬ್ಬರವಿಳಿತದ ವೇಳಾಪಟ್ಟಿ ನೋಡದೆ ಹೊರಡಬೇಡಿ. ಭರತ ತುಂಬುವುದಕ್ಕೆ ಎರಡು ಗಂಟೆ ಮೊದಲೇ ದಡದಲ್ಲಿರಬೇಕು.

ಈಗ ಚಳಿಗಾಲದ ಮಾತು. ಸೆಪ್ಟೆಂಬರ್ ಮಧ್ಯದಿಂದ ಗುಲಾಬಿ ಕಾಲಿನ ಹೆಬ್ಬಾತುಗಳು, ಅಲ್ಲಿನವರು ಪ್ರೀತಿಯಿಂದ ಪಿಂಕ್‌ಫೀಟ್ ಎನ್ನುವವು, ಐಸ್‌ಲ್ಯಾಂಡ್ ಮತ್ತು ಗ್ರೀನ್‌ಲ್ಯಾಂಡ್‌ನಿಂದ ಇಳಿಯತೊಡಗುತ್ತವೆ. ನವೆಂಬರ್ ಹೊತ್ತಿಗೆ ನಾರ್ಫೋಕ್‌ನಲ್ಲಿ ಹತ್ತಾರು ಸಾವಿರ. ರಾತ್ರಿ ಸ್ನೆಟಿಶಮ್ ಮತ್ತು ಉತ್ತರ ಕಡಲಂಚಿನ ಹೋಲ್ಕಮ್‌ಗಳ ಕೆಸರುಬಯಲು, ಜೌಗಿನಲ್ಲಿ ಮಲಗುತ್ತವೆ. ಬೆಳಕು ಹರಿಯುವಾಗ ಗುಂಪುಗುಂಪಾಗಿ ಎದ್ದು ಒಳನಾಡಿನ ಹೊಲಗಳಿಗೆ ಹಾರುತ್ತವೆ. ಏಳೆಂಟು ಮೈಲಿ ಒಳಗೆ ಎಂದಿರಲ್ಲ, ಅದು ಅವುಗಳ ಮೇವಿನ ವಲಯದೊಳಗೇ ಬರುತ್ತದೆ. ಆ ಕಡೆ ಸಕ್ಕರೆಯನ್ನು ಬೀಟ್ ಗೆಡ್ಡೆಯಿಂದ ತೆಗೆಯುತ್ತಾರೆ, ಗೆಡ್ಡೆ ಕಿತ್ತ ಹೊಲದಲ್ಲಿ ಸೊಪ್ಪು ಮತ್ತು ತುಂಡು ಗೆಡ್ಡೆ ಉಳಿದಿರುತ್ತದೆ. ಹೆಬ್ಬಾತುಗಳಿಗೆ ಬೇಕಾದದ್ದು ಅದೇ. ರೈತರಿಗೂ ಅವು ಅಲ್ಲಿ ಮೇಯುವುದೇ ವಾಸಿ, ಏಕೆಂದರೆ ಅಲ್ಲಿಂದ ಎಬ್ಬಿಸಿದರೆ ಪಕ್ಕದ ಗೋಧಿ ಪೈರಿಗೆ ಇಳಿಯುತ್ತವೆ. ಆದ್ದರಿಂದ ಹೊಲದಲ್ಲಿ ಹಿಂಡು ಕಂಡರೆ ಕಾರಿನಿಂದ ಇಳಿಯಬೇಡಿ, ಗಾಜು ಇಳಿಸಿ ಒಳಗೇ ಕೂತು ನೋಡಿ. ಮನುಷ್ಯನ ಆಕಾರ ಕಂಡ ತಕ್ಷಣ ಇಡೀ ಹಿಂಡು ಏಳುತ್ತದೆ, ಕಾರಿಗೆ ಅಷ್ಟು ಹೆದರುವುದಿಲ್ಲ.

ಚಳಿಗಾಲದಲ್ಲಿ ವಯಸ್ಸಾದವರಿಗೆ ಇನ್ನೊಂದು ಅನುಕೂಲವಿದೆ, ಇದನ್ನು ಯಾರೂ ಹೇಳುವುದಿಲ್ಲ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಬೆಳಗ್ಗೆ ಎಂಟರ ಸುಮಾರಿಗೆ, ಮುಳುಗುವುದು ಮಧ್ಯಾಹ್ನ ಮೂರೂಮುಕ್ಕಾಲಿಗೆ ಮುಂಚೆ. ಹಕ್ಕಿಗಳ ಎರಡೂ ಚುರುಕಿನ ಹೊತ್ತು, ಬೆಳಗು ಮತ್ತು ಸಂಜೆ, ತಿಂಡಿ ಮತ್ತು ಚಹಾದ ನಡುವೆಯೇ ಸಿಕ್ಕಿಬಿಡುತ್ತವೆ. ಜೂನಿನಲ್ಲಿ ಅದೇ ಸೂರ್ಯೋದಯ ನೋಡಬೇಕೆಂದರೆ ನಾಲ್ಕೂವರೆಗೆ ಎದ್ದಿರಬೇಕು. ಅಷ್ಟೇ ಅಲ್ಲ, ದಿನ ಗಿಡ್ಡವಾಗಿರುವುದರಿಂದ ಹಕ್ಕಿಗಳು ಹಗಲಿಡೀ ತಿನ್ನಲೇಬೇಕು, ಹಾಗಾಗಿ ಮರೆಯಲ್ಲಿ ಕೂರುವುದಿಲ್ಲ. ಎಲೆ ಉದುರಿರುವುದರಿಂದ ಕಾಣಿಸುತ್ತವೆ ಕೂಡ.

ಬೇಲಿಸಾಲುಗಳನ್ನು ನೋಡಿ. ಹಾಥಾರ್ನ್ ಎಂಬ ಮುಳ್ಳುಗಿಡದ ಕೆಂಪು ಹಣ್ಣಿಗೆ ಅಕ್ಟೋಬರಿನಿಂದ ಸ್ಕ್ಯಾಂಡಿನೇವಿಯಾದ ಫೀಲ್ಡ್‌ಫೇರ್ ಮತ್ತು ರೆಡ್‌ವಿಂಗ್ ಎಂಬ ಎರಡು ಜಾತಿಯ ಥ್ರಷ್‌ಗಳು ಬರುತ್ತವೆ. ರೆಡ್‌ವಿಂಗ್ ರಾತ್ರಿ ಪಯಣಿಗ. ಅಕ್ಟೋಬರಿನ ನಿಚ್ಚಳ ರಾತ್ರಿ ಅಂಗಳದಲ್ಲಿ ನಿಂತರೆ ತಲೆಯ ಮೇಲೆ ಸೀ… ಎಂದು ಎಳೆದ ಸಣ್ಣ ದನಿ ಕೇಳುತ್ತದೆ, ಅದು ಅದೇ. ಹಣ್ಣು ಮುಗಿದ ಮೇಲೆ, ಮಂಜು ಗಟ್ಟಿಯಾದ ದಿನಗಳಲ್ಲಿ ಸೇಬಿನ ಮರದಡಿ ಬಿದ್ದ ಹಣ್ಣಿಗೆ ಹಿತ್ತಿಲಿಗೇ ಬರುತ್ತವೆ. ಮಗಳ ಹಿತ್ತಿಲಲ್ಲಿ ಸೇಬಿನ ಮರವಿದ್ದರೆ ಬಿದ್ದ ಹಣ್ಣನ್ನು ಗುಡಿಸಿ ಎಸೆಯದಂತೆ ಈಗಲೇ ಹೇಳಿಡಿ.

ಕಣಜಗೂಬೆಗೆ ನಾರ್ಫೋಕ್ ಹೆಸರುವಾಸಿ. ನಮ್ಮ ಗುಡಿಗೋಪುರಗಳ ಗೂಬೆಯ ತೀರ ಹತ್ತಿರದ ಬಂಧು ಅದು, ಮುಖವೂ ಅದೇ ಹೃದಯದಾಕಾರದ್ದು. ನಮ್ಮಲ್ಲಿ ಅಪಶಕುನವೆಂದು ಕಲ್ಲು ಹೊಡೆಯುವ ಹಕ್ಕಿಗೆ ಅಲ್ಲಿ ರೈತರು ಕೊಟ್ಟಿಗೆಯಲ್ಲಿ ಗೂಡಿನ ಪೆಟ್ಟಿಗೆ ಕಟ್ಟುತ್ತಾರೆ, ಇಲಿ ಹಿಡಿಯುತ್ತದೆಂದು. ಸದ್ದಿಲ್ಲದೆ ಹಾರಲು ಬೇಕಾದ ಮೆತ್ತನೆಯ ಗರಿ ಮಳೆಯಲ್ಲಿ ಬೇಗ ನೆನೆಯುವುದರಿಂದ ಮಳೆ ರಾತ್ರಿಗಳಲ್ಲಿ ಬೇಟೆ ತಪ್ಪುತ್ತದೆ. ಮರುದಿನ ಹಸಿವು ತಾಳದೆ ಹಗಲಲ್ಲೇ ಹೊರಬರುತ್ತದೆ. ಮೂರು ದಿನ ಮಳೆ ಹಿಡಿದು ಬಿಟ್ಟ ಮಧ್ಯಾಹ್ನ ಹುಲ್ಲುಗಾವಲಿನ ಅಂಚಿನಲ್ಲಿ ನಿಂತರೆ ಸಿಗುವ ಸಾಧ್ಯತೆ ಹೆಚ್ಚು.

ಡಿಸೆಂಬರಿನ ಕತ್ತಲಲ್ಲಿ ಹಾಡಿದ್ದು ರಾಬಿನ್ ಎಂದು ಬಹುತೇಕ ಖಚಿತವಾಗಿ ಹೇಳಬಲ್ಲೆ. ಕೆಂಪು-ಕಿತ್ತಳೆ ಎದೆಯ, ಗುಬ್ಬಿ ಗಾತ್ರದ ಹಕ್ಕಿ, ನಿಮ್ಮ ಹಿತ್ತಿಲ ಮಡಿವಾಳ ಹಕ್ಕಿಯ ಕುಟುಂಬಕ್ಕೇ ಸೇರಿದ್ದು. ಉಳಿದ ಹೆಚ್ಚಿನ ಹಕ್ಕಿಗಳು ಜೋಡಿಗಾಗಿ ವಸಂತದಲ್ಲಿ ಹಾಡಿದರೆ ರಾಬಿನ್ ಚಳಿಗಾಲದಲ್ಲಿ ತನ್ನ ಮೇವಿನ ತುಂಡು ನೆಲ ಕಾಯಲು ಹಾಡುತ್ತದೆ. ಹೆಣ್ಣೂ ತನ್ನದೇ ಗಡಿ ಹಾಕಿಕೊಂಡು ಹಾಡುತ್ತದೆ. ಕಣ್ಣು ದೊಡ್ಡದಾದ್ದರಿಂದ ಮಂದ ಬೆಳಕಿನಲ್ಲೂ ಚುರುಕು, ಬೀದಿದೀಪದ ಕೆಳಗೆ ನಡುರಾತ್ರಿಯಲ್ಲೂ ಹಾಡುವುದುಂಟು. ಕ್ರಿಸ್‌ಮಸ್ ಕಾರ್ಡುಗಳ ಮೇಲೆ ಸಾಧುವಾಗಿ ಕಾಣುವ ಇದು ಗಡಿಯ ವಿಷಯಕ್ಕೆ ಬಂದರೆ ಇನ್ನೊಂದು ರಾಬಿನ್‌ನನ್ನು ಕೊಲ್ಲುವಷ್ಟು ಜಗಳಗಂಟ. ನೀವು ಹಿತ್ತಿಲಲ್ಲಿ ಮಣ್ಣು ಅಗೆದರೆ ಎರೆಹುಳುವಿಗೆ ಕಾಲ ಬುಡದಲ್ಲೇ ಬಂದು ನಿಲ್ಲುತ್ತದೆ.

ವಸಂತಕ್ಕೆ ಹೋಗುವುದಾದರೆ ಬೇರೆಯೇ ಲೆಕ್ಕ. ಮಾರ್ಚ್ ಮಧ್ಯದಲ್ಲಿ ಚಿಫ್‌ಚಾಫ್ ಎಂಬ ಪುಟ್ಟ ಎಲೆಹಕ್ಕಿ ತನ್ನ ಹೆಸರನ್ನೇ ಕೂಗುತ್ತಾ ಬಂದು ಕದ ತೆರೆಯುತ್ತದೆ, ಏಪ್ರಿಲ್‌ನಲ್ಲಿ ಅಂಬರಗುಬ್ಬಿ, ಅದರ ಕೊನೆಗೆ ಕುಕೂ, ಮೇ ಮೊದಲ ವಾರ ಸ್ವಿಫ್ಟ್. ಮೇ ತಿಂಗಳ ಬೆಳಗಿನ ಜಾವದ ಮೇಳವನ್ನು ಒಂದು ಸಲವಾದರೂ ಕೇಳಿ. ಬ್ಲ್ಯಾಕ್‌ಬರ್ಡ್ ಶುರು ಮಾಡಿ, ರಾಬಿನ್, ಥ್ರಷ್, ರೆನ್ ಒಂದೊಂದಾಗಿ ಸೇರಿ, ನಾಲ್ಕೂವರೆ ಹೊತ್ತಿಗೆ ಯಾವ ದನಿ ಯಾವುದೆಂದು ಬಿಡಿಸಲಾಗದಂತೆ ತುಂಬಿಕೊಳ್ಳುತ್ತದೆ. ಅಂದಹಾಗೆ ಕುಕೂ ಎಂದರೆ ನಮ್ಮ ಕೋಗಿಲೆಯಲ್ಲ. ನಮ್ಮದು ಕಾಗೆಯ ಗೂಡಿಗೆ ಮೊಟ್ಟೆ ಸೇರಿಸಿದರೆ ಅದು ತನಗಿಂತ ಎಷ್ಟೋ ಸಣ್ಣದಾದ ರೀಡ್ ವಾರ್ಬ್ಲರ್, ಡನಕ್‌ಗಳ ಗೂಡನ್ನು ಹುಡುಕುತ್ತದೆ.

ಗುಡವಿಯ ಪರಿಚಯವಿರುವ ನೀವು ಏಪ್ರಿಲ್‌ನಿಂದ ಜುಲೈ ಒಳಗೆ ಹೋದರೆ ಹೋಲ್ಕಮ್‌ಗೆ ಹೋಗಲೇಬೇಕು. ಗುಡವಿಗೆ ಬರುವ ಚಮಚಕೊಕ್ಕಿನ ಹಕ್ಕಿಯದೇ ಜಾತಿ 2010ರಲ್ಲಿ ಅಲ್ಲಿನ ಮರಗಳಲ್ಲಿ ಗೂಡು ಕಟ್ಟಿತು. ಮುನ್ನೂರಕ್ಕೂ ಹೆಚ್ಚು ವರ್ಷ ಬ್ರಿಟನ್ನಿನಲ್ಲಿ ಅದರ ಗೂಡುನೆಲೆಯೇ ಇರಲಿಲ್ಲ. ಮಂಡಗದ್ದೆಯ ಬೆಳ್ಳಕ್ಕಿಗಳಲ್ಲಿ ಸಣ್ಣದು, ಕಪ್ಪು ಕೊಕ್ಕಿನದು, 1996ರಲ್ಲಿ ಮೊದಲ ಸಲ ಬ್ರಿಟನ್ನಿನಲ್ಲಿ ಮರಿ ಮಾಡಿತು, ಈಗ ಉತ್ತರ ನಾರ್ಫೋಕ್‌ನ ಪ್ರತಿ ಕಾಲುವೆಯಲ್ಲೂ ಇದೆ. ಸಾಗರದ ಹೊಳೆಬದಿಯ ಸಣ್ಣ ಮಿಂಚುಳ್ಳಿ ಅಲ್ಲಿಯೂ ಅದೇ, ಮನೆಗುಬ್ಬಿಯೂ ಅದೇ. ಚಳಿಗಾಲದಲ್ಲಿ ನಿಮ್ಮ ಹಳ್ಳದ ಕಲ್ಲಿನ ಮೇಲೆ ಬಾಲ ಕುಣಿಸುವ ಬೂದು ಸಿಪಿಲೆಯನ್ನು ಅಲ್ಲಿ ಹಳೆಯ ನೀರುಗಿರಣಿಗಳ ಬಳಿ ಹುಡುಕಿ. ಆದರೆ ಅಲ್ಲಿನ ಅಂಬರಗುಬ್ಬಿಯೇ ನಮ್ಮ ತಂತಿಗಳ ಮೇಲೆ ಬಂದು ಕೂರುತ್ತದೆ ಎಂದು ಭಾವಿಸಬೇಡಿ. ಜಾತಿ ಒಂದೇ, ದಾರಿ ಬೇರೆ: ಇಂಗ್ಲೆಂಡಿನವು ಹೋಗುವುದು ದಕ್ಷಿಣ ಆಫ್ರಿಕಾಕ್ಕೆ.

ಇದರಲ್ಲೆಲ್ಲ ನನಗೆ ಇಷ್ಟವಾದ ಕತೆ ಬೆಳವನದು. ಕತ್ತಿನ ಹಿಂದೆ ಕಪ್ಪು ಪಟ್ಟಿಯ, ನಮ್ಮ ಬಯಲುಸೀಮೆಯ ಜಾಲಿಮರಗಳಲ್ಲಿ ಕೂಗುವ ಆ ಬೆಳವ ಇಪ್ಪತ್ತನೆಯ ಶತಮಾನದಲ್ಲಿ ಟರ್ಕಿ, ಬಾಲ್ಕನ್ ದಾಟಿ ಯುರೋಪಿನ ಉದ್ದಕ್ಕೂ ತಾನಾಗಿಯೇ ಹಬ್ಬಿತು. ಬ್ರಿಟನ್ನಿನಲ್ಲಿ ಮೊದಲು ಮರಿ ಮಾಡಿದ್ದು 1955ರಲ್ಲಿ, ಇದೇ ನಾರ್ಫೋಕ್‌ನ ಕ್ರೋಮರ್ ಬಳಿ. ಆಗ ಅದನ್ನು ನೋಡಲು ದೂರದೂರದಿಂದ ಜನ ಬರುತ್ತಿದ್ದರು. ಈಗ ಮಗಳ ಮನೆಯ ಆಂಟೆನಾದ ಮೇಲೆ ಅದು ಕೂತಿದ್ದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ.

ಅದರ ಸೋದರ ಜಾತಿ ಟರ್ಟಲ್ ಡವ್‌ಗೆ ಆದದ್ದು ಇದರ ತಿರುವುಮುರುವು. 1970ರ ದಶಕದಿಂದ ಈಚೆಗೆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಪಾಲು ಅಳಿದು, ಪೂರ್ವ ಇಂಗ್ಲೆಂಡಿನ ಕೆಲವೇ ಮೂಲೆಗಳಲ್ಲಿ ಉಳಿದಿದೆ. ನಾರ್ಫೋಕ್‌ನ ಹೊಲಗಳು ಹಸಿರಾಗಿ, ಅಂದವಾಗಿ ಕಾಣುತ್ತವೆ, ಆದರೆ ಆ ಹಸಿರಿಗೆ ಮರುಳಾಗಬೇಡಿ. ಎರಡನೆಯ ಮಹಾಯುದ್ಧದ ನಂತರ ದೊಡ್ಡ ಯಂತ್ರಗಳಿಗಾಗಿ ಬೇಲಿಸಾಲುಗಳನ್ನು ಕಿತ್ತು ಹೊಲಗಳನ್ನು ಒಂದು ಮಾಡಿದರು. ಮೊದಲು ವಸಂತದಲ್ಲಿ ಬಿತ್ತುತ್ತಿದ್ದ ಬಾರ್ಲಿಯಂಥ ಬೆಳೆಗಳನ್ನು ಶರತ್ಕಾಲದಲ್ಲೇ ಬಿತ್ತತೊಡಗಿದ್ದರಿಂದ ಚಳಿಗಾಲವಿಡೀ ಕಾಳು ಉದುರಿರುತ್ತಿದ್ದ ಕೂಳೆಹೊಲಗಳು ಇಲ್ಲವಾದವು. ಕಳೆನಾಶಕ ಉಳಿದದ್ದನ್ನು ಮುಗಿಸಿತು. ಬಾನಾಡಿ ಸ್ಕೈಲಾರ್ಕ್, ಹಳದಿ ತಲೆಯ ಯೆಲ್ಲೋಹ್ಯಾಮರ್, ಬೂದು ಕೌಜುಗ ಎಲ್ಲವೂ ಹೀಗೆ ಕುಗ್ಗಿದವು. 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ಹಕ್ಕಿಗಳ ಸ್ಥಿತಿಪಟ್ಟಿಯಲ್ಲಿ ಪರಿಶೀಲಿಸಿದ 245 ಜಾತಿಗಳಲ್ಲಿ 70 ಕೆಂಪು ಪಟ್ಟಿಯಲ್ಲಿವೆ. ಮನೆಗುಬ್ಬಿ ಅದರಲ್ಲಿದೆ, ಸ್ವಿಫ್ಟ್ ಮತ್ತು ಗ್ರೀನ್‌ಫಿಂಚ್ ಹೊಸದಾಗಿ ಸೇರಿದವು. ರಸ್ತೆಬದಿಯಲ್ಲಿ ದಂಡಿಯಾಗಿ ಕಾಣುವ ಫೆಸಂಟ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬೇಟೆಯ ಆಟಕ್ಕಾಗಿ ಸಾಕಿ, ಪ್ರತಿವರ್ಷ ಬೇಸಿಗೆಯ ಕೊನೆಗೆ ಬಿಡುವ ಹಕ್ಕಿಗಳು ಅವು.

ಹೊಲದಲ್ಲಿ ಕಳೆದುಕೊಂಡದ್ದರಲ್ಲಿ ಸ್ವಲ್ಪವನ್ನು ಜೌಗುಭೂಮಿಯಲ್ಲಿ ಮರಳಿ ಪಡೆದಿದ್ದಾರೆ. ಮಾರ್ಷ್ ಹ್ಯಾರಿಯರ್, ಚಳಿಗಾಲದಲ್ಲಿ ನಮ್ಮ ಕೆರೆಗಳ ಜೊಂಡಿನ ಮೇಲೂ ತೇಲುವ ಅದೇ ಬೇಟೆಹಕ್ಕಿ, 1971ರಲ್ಲಿ ಇಡೀ ಬ್ರಿಟನ್ನಿನಲ್ಲಿ ಗೂಡು ಮಾಡಿದ್ದು ಒಂದೇ ಒಂದು ಹೆಣ್ಣು, ಪಕ್ಕದ ಸಫೋಕ್ ಕೌಂಟಿಯಲ್ಲಿ. ಈಗ ನಾರ್ಫೋಕ್‌ನ ಉತ್ತರ ಕಡಲಂಚಿನ ಕ್ಲೇ, ಟಿಚ್‌ವೆಲ್‌ಗಳ ಜೊಂಡಿನ ಬಳಿ ಅರ್ಧ ಗಂಟೆ ನಿಂತರೆ ಕಾಣದೇ ಇರುವುದೇ ವಿಶೇಷ. ಕ್ಲೇ ಜೌಗನ್ನು ನಾರ್ಫೋಕ್‌ನ ವನ್ಯಜೀವಿ ಟ್ರಸ್ಟ್ 1926ರಲ್ಲೇ ಕೊಂಡು ಉಳಿಸಿದ್ದು. ಬಿಟರ್ನ್ ಎಂಬ ಜೊಂಡಿನ ಬಣ್ಣದ ಕೊಕ್ಕರೆಯ ಗುಮ್ಮನೆಯ ಕೂಗು 1997ರಲ್ಲಿ ದೇಶವಿಡೀ ಹನ್ನೊಂದು ಗಂಡುಗಳಿಂದ ಮಾತ್ರ ಕೇಳಿಸಿತ್ತು, ಈಚಿನ ವರ್ಷಗಳಲ್ಲಿ ಇನ್ನೂರು ದಾಟಿದೆ. ಕೌಂಟಿಯ ಪೂರ್ವದ ಬ್ರಾಡ್ಸ್ ಎಂಬ ಕೆರೆ-ಕಾಲುವೆಗಳ ನಾಡಿಗೆ 1979ರಲ್ಲಿ ಕ್ರೌಂಚಗಳು ತಾವಾಗಿಯೇ ಬಂದು ನೆಲೆಸಿದವು, ಸುಮಾರು ನಾನೂರು ವರ್ಷಗಳ ನಂತರ. ಚಳಿಗಾಲದ ಸಂಜೆ ಹಿಕ್ಲಿಂಗ್ ಬ್ರಾಡ್ ಬಳಿಯ ಸ್ಟಬ್ ಮಿಲ್‌ಗೆ ಹೋದರೆ ಕ್ರೌಂಚ, ಹ್ಯಾರಿಯರ್ ಎರಡೂ ರಾತ್ರಿ ತಂಗಲು ಬರುವುದನ್ನು ಒಂದೇ ಜಾಗದಿಂದ ನೋಡಬಹುದು. ಬೆಚ್ಚಗೆ ಸುತ್ತಿಕೊಂಡು ಹೋಗಿ, ಅಲ್ಲಿ ಗಾಳಿಗೆ ತಡೆಯೇ ಇಲ್ಲ.

ಅನ್ನದ ಪ್ರಶ್ನೆ. ಉಪ್ಪು ಹಾಕದ ಬರಿ ಅನ್ನವಾದರೆ ಚಳಿಗಾಲದಲ್ಲಿ ಹಾಕಬಹುದು. ಒಗ್ಗರಣೆ ಹಾಕಿದ್ದು, ಸಾರು ಕಲೆಸಿದ್ದು ಬೇಡ, ಉಪ್ಪು ಸಣ್ಣ ಹಕ್ಕಿಗಳಿಗೆ ವಿಷ. ಸಂಜೆಯೊಳಗೆ ಖಾಲಿಯಾಗುವಷ್ಟೇ ಹಾಕಿ, ಉಳಿದರೆ ಇಲಿ ಬರುತ್ತದೆ, ಪಕ್ಕದ ಮನೆಯವರ ದೂರೂ ಬರುತ್ತದೆ. ಅನ್ನಕ್ಕಿಂತ ಸಿಪ್ಪೆ ತೆಗೆದ ಸೂರ್ಯಕಾಂತಿ ಬೀಜ ಎಷ್ಟೋ ಮೇಲು. ಶೇಂಗಾ ಹಾಕುವುದಾದರೆ ಹುರಿಯದ, ಉಪ್ಪಿಲ್ಲದ ಕಾಳನ್ನು ತಂತಿಜಾಲರಿಯೊಳಗೆ ಹಾಕಿ ತೂಗುಬಿಡಿ. ಇಡೀ ಕಾಳು ಗುಟುಕಾಗಿ ಮರಿಯ ಗಂಟಲಿಗೆ ಸಿಕ್ಕಿಕೊಳ್ಳಬಾರದು ಎಂಬುದಕ್ಕೆ ಜಾಲರಿ. ಬ್ಲೂ ಟಿಟ್, ಗ್ರೇಟ್ ಟಿಟ್ ತಲೆಕೆಳಗಾಗಿ ನೇತಾಡಿ ತಿನ್ನುತ್ತವೆ, ಮೊಮ್ಮಕ್ಕಳಿಗೆ ಒಳ್ಳೆಯ ನೋಟ. ಇನ್ನೊಂದು, ನಿಮಗೆ ನಗು ಬರಬಹುದು: ಅಲ್ಲಿನ ಅಂಗಡಿಗಳಲ್ಲಿ ಗೋಲ್ಡ್‌ಫಿಂಚ್ ಹಕ್ಕಿಗೆಂದು ದುಬಾರಿ ಬೆಲೆಗೆ ಮಾರುವ ‘ನೈಜರ್’ ಎಂಬ ಸಣ್ಣ ಕಪ್ಪು ಬೀಜ ನಮ್ಮ ಹುಚ್ಚೆಳ್ಳೇ, ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡುವ ಗುರೆಳ್ಳು. ಇಲ್ಲಿಂದ ಗಂಟು ಕಟ್ಟಿಕೊಂಡು ಹೋಗಬೇಡಿ, ಬೀಜ ಒಯ್ಯಲು ವಿಮಾನ ನಿಲ್ದಾಣದಲ್ಲಿ ತಕರಾರಾಗುತ್ತದೆ.

ಹೀಗೆ ಮೇವು ಹಾಕುವ ಅಭ್ಯಾಸ ಒಂದು ಹಕ್ಕಿಯ ವಲಸೆಯ ದಾರಿಯನ್ನೇ ತಿರುಗಿಸಿದೆ. ಜರ್ಮನಿ, ಆಸ್ಟ್ರಿಯಾ ಕಡೆಯ ಬ್ಲ್ಯಾಕ್‌ಕ್ಯಾಪ್ ಎಂಬ ಪುಟ್ಟ ಹಕ್ಕಿಗಳು ಚಳಿಗಾಲಕ್ಕೆ ಸ್ಪೇನ್ ಕಡೆಗೆ ಹೋಗುವುದು ವಾಡಿಕೆ. ಕಳೆದ ಆರೇಳು ದಶಕಗಳಲ್ಲಿ ಅವುಗಳಲ್ಲಿ ಒಂದು ಪಾಲು ವಾಯವ್ಯಕ್ಕೆ ತಿರುಗಿ ಬ್ರಿಟನ್ನಿನ ಹಿತ್ತಿಲುಗಳಲ್ಲೇ ಚಳಿಗಾಲ ಕಳೆಯತೊಡಗಿವೆ. ಆದರೆ ಇದೇ ಅಭ್ಯಾಸದಿಂದ ಕೇಡೂ ಆಗಿದೆ. ಗಂಟಲಿಗೆ ತಗಲುವ ಟ್ರೈಕೊಮೊನೊಸಿಸ್ ಎಂಬ ರೋಗ 2005ರಿಂದ ಗ್ರೀನ್‌ಫಿಂಚ್‌ಗಳನ್ನು ಸಾಲುಸಾಲಾಗಿ ಕೊಂದಿತು. ಒಂದೇ ಕಡೆ ಗುಂಪು ಸೇರಿ ಎಂಜಲು ಕಾಳು ತಿನ್ನುವಲ್ಲಿ ಅದು ಹರಡುತ್ತದೆ. ವಾರಕ್ಕೊಮ್ಮೆ ಮೇವಿನ ಕೊಳವೆ ತೊಳೆದು ಒಣಗಿಸಿ, ತೂಗುಹಾಕುವ ಜಾಗ ಬದಲಿಸುತ್ತಿರಿ. ಮೈಯುಬ್ಬಿಸಿಕೊಂಡು ನಿಸ್ತೇಜವಾಗಿ ಕೂತ ಹಕ್ಕಿ ಕಂಡರೆ ಎರಡು ವಾರ ಮೇವು ನಿಲ್ಲಿಸಿಬಿಡಿ. ನೀರಿನ ತಟ್ಟೆಗೂ ಇದೇ ನಿಯಮ.

ಗೂಡು ಕಂಡರೆ ಮುಟ್ಟಬೇಡಿ, ಮಕ್ಕಳಿಗೂ ಹೇಳಿ. ಅಲ್ಲಿನ 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಕಾಡುಹಕ್ಕಿಯ ಮೊಟ್ಟೆ ತೆಗೆಯುವುದು, ಬಳಕೆಯಲ್ಲಿರುವ ಗೂಡು ಕೆಡಿಸುವುದು ಅಪರಾಧ.

ದುರ್ಬೀನು ಒಂದನ್ನೇ ಒಯ್ಯುವುದಾದರೆ 8x42, ಅಂದರೆ ಎಂಟು ಪಟ್ಟು ಹಿಗ್ಗಿಸುವ, 42 ಮಿಲಿಮೀಟರ್ ಅಗಲದ ಮುಂಗಾಜಿನದು, ಇರಲಿ. ಅಲ್ಲಿನ ಚಳಿಗಾಲದ ಮಂಕು ಬೆಳಕಿಗೆ ಸಣ್ಣ ಕಿಸೆ ದುರ್ಬೀನು ಸಾಲದು. ಜನವರಿ ಕೊನೆಯವರೆಗೆ ಇರುವಂತೆ ಟಿಕೆಟ್ ಮಾಡಿ ಎನ್ನಲು ಮೊಮ್ಮಕ್ಕಳೂ ಒಂದು ಕಾರಣ. ಹಕ್ಕಿಗಳ ರಕ್ಷಣೆಗೆಂದೇ ಇರುವ ಆರ್‌ಎಸ್‌ಪಿಬಿ ಸಂಸ್ಥೆ 1979ರಿಂದ ನಡೆಸುತ್ತಿರುವ ಹಿತ್ತಿಲ ಹಕ್ಕಿಗಣತಿ ಜನವರಿಯ ಕೊನೆಯ ವಾರಾಂತ್ಯದಲ್ಲಿ ಬರುತ್ತದೆ. ಒಂದು ಗಂಟೆ ಕಿಟಕಿಯ ಬಳಿ ಕೂತು ಎಣಿಸಿ, ಅವರ ಜಾಲತಾಣದಲ್ಲಿ ತುಂಬಿ ಕಳಿಸಿದರಾಯಿತು. ನಿಯಮ ಒಂದೇ: ಬಂದುಹೋದ ಹಕ್ಕಿಗಳನ್ನೆಲ್ಲ ಕೂಡಿಸುವಂತಿಲ್ಲ, ಒಂದೇ ಹೊತ್ತಿಗೆ ಒಟ್ಟಿಗೆ ಕಂಡ ಅತಿ ಹೆಚ್ಚು ಸಂಖ್ಯೆಯನ್ನಷ್ಟೇ ಬರೆಯಬೇಕು. ಇಲ್ಲದಿದ್ದರೆ ಒಂದೇ ರಾಬಿನ್ ಹತ್ತು ಸಲ ಬಂದು ಹತ್ತಾಗಿಬಿಡುತ್ತದೆ.